ಗೋಡೆಯ ಕೆಳಗಿನ ಮೀಸೆ ಮೀನು

ನನ್ನ ತಮ್ಮಂದಿರಿಬ್ಬರು ಮನೆ ಪಾಲು ಮಾಡಿಕೊಂಡದ್ದು ಆಸ್ತಿಯ ಆಸೆಗಲ್ಲ, ಹೆಂಡತಿಯರ ಮಾತು ಕೇಳಿಯೂ ಅಲ್ಲ. ಒಂದು ಕನ್ನಡಿ ಗೋಧಿಕಾಳಿನಷ್ಟು ಗಿಡ್ಡವಾಯಿತು ಎಂಬ ಕಾರಣಕ್ಕೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಗಾಜಿನ ಕೆಲಸದವರ ಮನೆಯಲ್ಲಿ ಹುಟ್ಟದವರಿಗೆ ಗೋಧಿಕಾಳಿನ ಬೆಲೆ ಗೊತ್ತಿರುವುದಿಲ್ಲ.

ನಮ್ಮದು ಗಾಜಿನ ಅಂಗಡಿ. ಕಿಟಕಿಗೆ ಗಾಜು, ಗೋಡೆಗೆ ಕನ್ನಡಿ, ಚಿತ್ರಗಳಿಗೆ ಚೌಕಟ್ಟು. ದೊಡ್ಡ ತಮ್ಮ ಅಳತೆ ಹಾಕುತ್ತಾನೆ, ಚಿಕ್ಕವನು ಕೊಯ್ಯುತ್ತಾನೆ, ಅಕ್ಕನಾದ ನಾನು ಚೌಕಟ್ಟು ಕಟ್ಟುತ್ತೇನೆ. ಗಾಜು ಕೊಯ್ಯುವ ಕಟರ್‌ನ ಚಕ್ರ ಅಳತೆಪಟ್ಟಿಯ ಅಂಚಿಗೆ ಅಂಟಿಕೊಂಡು ಓಡುವುದಿಲ್ಲ, ನಡುವೆ ಒಂದು ಕಾಳಿನಷ್ಟು ಜಾಗ ಬಿಡುತ್ತದೆ. ಅಷ್ಟನ್ನು ಮೊದಲೇ ಕಳೆದು ಪಟ್ಟಿ ಇಡಬೇಕು. ಅದನ್ನು ಕಳೆಯುವುದು ಯಾವಾಗಲೂ ಚಿಕ್ಕವನ ಕೆಲಸ. ಕ್ಷೌರದ ಅಂಗಡಿಯ ದೊಡ್ಡ ಕನ್ನಡಿ ಕೊಯ್ಯುವ ದಿನ ಚಿಕ್ಕವನಿಗೆ ಜ್ವರ. ಪಾಪ, ಮರೆತುಬಿಟ್ಟಾನು ಎಂದು ದೊಡ್ಡವನು ಅಳತೆಯಲ್ಲೇ ಕಳೆದು ಗುರುತು ಹಾಕಿದ. ಚಿಕ್ಕವನು ಜ್ವರದಲ್ಲೂ ಮರೆಯಲಿಲ್ಲ. ಅವನೂ ಕಳೆದ.

ಕ್ಷೌರದವನಿಗೆ ಏನೂ ಗೊತ್ತಾಗಿರಲಿಲ್ಲ. ಇವರೇ ಹೋಗಿ, ಕನ್ನಡಿಯ ಅಂಚಿನ ಸಂದಿಯಲ್ಲಿ ಉಗುರು ತೂರಿಸಿ ತೋರಿಸಿ, ತಪ್ಪು ಯಾರದೆಂದು ಹೇಳಬೇಕು ಎಂದು ಹಟ ಹಿಡಿದರು. ಅವನು ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯನ್ನು ಬಿಟ್ಟು ಬಂದು ನೋಡಿ, ತಪ್ಪು ಯಾರದೂ ಅಲ್ಲ, ಕನ್ನಡಿ ಚೆನ್ನಾಗಿದೆ ಎಂದ. ಆ ಉತ್ತರ ಇಬ್ಬರಿಗೂ ಹಿಡಿಸಲಿಲ್ಲ. ದಾರಿಯುದ್ದಕ್ಕೂ ಚಿಕ್ಕವನು, ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ನನ್ನ ಮೇಲೆ ನಂಬಿಕೆಯಿಲ್ಲ ಎಂದ. ದೊಡ್ಡವನು, ಒಳ್ಳೆಯದು ಮಾಡಲು ಹೋದವನಿಗೆ ಇದೇ ಮರ್ಯಾದೆ ಎಂದ. ಮನೆ ತಲುಪುವ ಹೊತ್ತಿಗೆ ಮಾತು ನಿಂತಿತ್ತು. ಅದಾದ ಮೇಲೆ ಗಾರೆಯ ಮೇಸ್ತ್ರಿ ಬಂದ.

ನಮ್ಮ ಮನೆಗೆ ಮುಂದೊಂದು ಬೀದಿ, ಹಿಂದೊಂದು ಬೀದಿ, ಪಕ್ಕದಲ್ಲಿ ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದ ಸಂದಿ. ಮುಂದಿನ ಅರ್ಧ ದೊಡ್ಡವನಿಗೆ, ಹಿಂದಿನ ಅರ್ಧ ಚಿಕ್ಕವನಿಗೆ ಎಂದಾಯಿತು. ಗೋಡೆ ಹಜಾರದ ನಟ್ಟನಡುವೆ ಬರಬೇಕು. ಆ ನಟ್ಟನಡುವೆ ಮೀನಿನ ಗಾಜಿನ ತೊಟ್ಟಿ ಉದ್ದಕ್ಕೆ ಮಲಗಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಇಬ್ಬರೂ ಸೇರಿ ಕಟ್ಟಿದ ಮೊದಲ ತೊಟ್ಟಿ ಅದು. ಹಜಾರದಲ್ಲೇ ಕಟ್ಟಿದ್ದರು. ಕಟ್ಟಿದ ಮೇಲೆ ಅದು ಮನೆಯ ಯಾವ ಬಾಗಿಲಲ್ಲೂ ಹಿಡಿಸುವುದಿಲ್ಲ ಎಂದು ಗೊತ್ತಾಗಿತ್ತು. ಮೇಸ್ತ್ರಿ ಇದನ್ನೇನು ಮಾಡಲಿ ಎಂದು ದೊಡ್ಡವನನ್ನು ಕೇಳಿದ, ಅವನು ಚಿಕ್ಕವನನ್ನು ಕೇಳು ಎಂದ. ಚಿಕ್ಕವನು ದೊಡ್ಡವನನ್ನು ಕೇಳು ಎಂದ. ಮೇಸ್ತ್ರಿ ಒಂದೆರಡು ಸಲ ಅತ್ತಿಂದಿತ್ತ ಓಡಾಡಿ ಬೇಸತ್ತು, ತೊಟ್ಟಿಯ ಸ್ಟ್ಯಾಂಡಿನ ಕೆಳಗೆ ಇಟ್ಟಿಗೆ ತುಂಬಿ, ತೊಟ್ಟಿಯ ಮೇಲೆ ಎರಡು ಬೆರಳು ಜಾಗ ಬಿಟ್ಟು ಅಡ್ಡ ಲಿಂಟಲ್ ಕೂರಿಸಿ, ಅದರ ಮೇಲೆ ಸೂರಿನವರೆಗೆ ಗೋಡೆ ಎತ್ತಿಬಿಟ್ಟ. ತೊಟ್ಟಿಯ ಒಂದು ತುದಿ ದೊಡ್ಡವನ ಹಜಾರದಲ್ಲಿ, ಇನ್ನೊಂದು ತುದಿ ಚಿಕ್ಕವನ ಹಜಾರದಲ್ಲಿ, ನಡುವಿನ ಒಂದು ಗೇಣು ಗೋಡೆಯ ಹೊಟ್ಟೆಯೊಳಗೆ.

ತೊಟ್ಟಿಯಲ್ಲಿದ್ದದ್ದು ಏಳು ಮೀಸೆ ಮೀನು. ಅಂಗಡಿಯವರು ಇವುಗಳಿಗೆ ಏನೋ ಉದ್ದನೆಯ ಹೆಸರು ಹೇಳುತ್ತಾರೆ, ನಮ್ಮ ಮನೆಯಲ್ಲಿ ಮೀಸೆ ಮೀನು ಅಷ್ಟೇ. ಹೆಬ್ಬೆರಳಿನಷ್ಟು ಉದ್ದ. ಪಕ್ಕೆಯ ಮೇಲೆ ಹೆಂಚು ಹೊದಿಸಿದ ಹಾಗೆ ಎರಡು ಸಾಲು ಗಟ್ಟಿ ಕವಚ. ಬಾಯಿಯ ಸುತ್ತ ಮೋಟು ಮೀಸೆ. ದಿನವಿಡೀ ತಳದ ಮರಳಿನಲ್ಲಿ ಮೂತಿ ತೂರಿಸಿ, ಬಿದ್ದುಹೋದ ಗುಂಡಿ ಹುಡುಕುವವರಂತೆ ಗುಂಪಾಗಿ ತಡಕಾಡುತ್ತವೆ. ಇದ್ದಕ್ಕಿದ್ದಂತೆ ಒಂದು ಸರ್ರನೆ ಮೇಲಕ್ಕೆ ಹಾರಿ, ಒಂದು ಗುಟುಕು ಗಾಳಿ ನುಂಗಿ, ಏನೂ ಆಗಿಲ್ಲವೆಂಬಂತೆ ಕೆಳಗಿಳಿಯುತ್ತದೆ. ಕಣ್ಣನ್ನೂ ಆಗಾಗ ಕೆಳಕ್ಕೆ ಹೊರಳಿಸುತ್ತವೆ, ನೋಡಿದವರಿಗೆ ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಇಷ್ಟೆಲ್ಲ ಯುದ್ಧದ ಉಡುಪು ತೊಟ್ಟು ಯಾರ ತಂಟೆಗೂ ಹೋಗದ ಪ್ರಾಣಿ ಇದೊಂದೇ. ನನ್ನ ತಮ್ಮಂದಿರು ಬನಿಯನ್ನು ತೊಟ್ಟೇ ಯುದ್ಧ ಮಾಡುತ್ತಾರೆ.

ಇನ್ನು ನನ್ನ ವಿಷಯ. ನನ್ನ ಕೋಣೆ ಮಹಡಿಯ ಮೇಲೆ, ಅದಕ್ಕೆ ಮೆಟ್ಟಿಲು ಹೊರಗಿನ ಸಂದಿಯಿಂದ. ಗೋಡೆ ಅಲ್ಲಿಯವರೆಗೆ ಬರಲಿಲ್ಲವಾದ್ದರಿಂದ ನಾನು ಯಾರ ಪಾಲಿಗೂ ಬರಲಿಲ್ಲ. ನಾನು ಮದುವೆಯಾಗಲಿಲ್ಲ, ಅಡುಗೆ ಕಲಿಯಲಿಲ್ಲ. ಮೊದಲನೆಯದಕ್ಕೆ ಬೇಸರವಿಲ್ಲ. ಎರಡನೆಯದರ ಅಗತ್ಯ ಅಲ್ಲಿಯವರೆಗೆ ಬಿದ್ದಿರಲಿಲ್ಲ, ಇಬ್ಬರು ನಾದಿನಿಯರು ಸೇರಿ ಬೇಯಿಸಿ ಹಾಕುತ್ತಿದ್ದರು. ಪಾಲಾದ ದಿನ ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ಕೂತು ಯಾವ ಕಡೆಯಿಂದ ಊಟಕ್ಕೆ ಕರೆ ಬರುತ್ತದೋ ಎಂದು ಕಾದೆ. ಯಾವ ಕಡೆಯಿಂದಲೂ ಬರಲಿಲ್ಲ. ರಾತ್ರಿಯೂ ಬರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ದೊಡ್ಡವನು ಕರೆದರೆ ಅಕ್ಕನನ್ನು ತನ್ನ ಕಡೆ ಎಳೆದುಕೊಂಡ ಎಂದಾಗುತ್ತದೆ, ಚಿಕ್ಕವನು ಕರೆದರೂ ಅದೇ. ಇಬ್ಬರೂ ಇನ್ನೊಬ್ಬರ ಸೊತ್ತಿಗೆ ಆಸೆಪಡುವವರಲ್ಲ. ಅಕ್ಕ ಅಲ್ಲಿ ಉಣ್ಣುತ್ತಿದ್ದಾಳೆ, ಉಣ್ಣಲಿ, ನಾವು ಅಡ್ಡ ಬರುವುದು ಬೇಡ ಎಂದು ಎರಡೂ ಮನೆಯವರು ದೊಡ್ಡ ಮನಸ್ಸು ಮಾಡಿದರು. ಇವರ ದೊಡ್ಡ ಮನಸ್ಸಿನ ದೆಸೆಯಿಂದ ನಾನು ಬೇಕರಿಯ ಬನ್ನು ತಿಂದುಕೊಂಡು ಬದುಕತೊಡಗಿದೆ. ಹೋಗಿ ಒಂದು ಮಾತು ಕೇಳಬಹುದಿತ್ತಲ್ಲ ಎಂದು ನೀವು ಹೇಳಬಹುದು. ಕರೆಯದೆ ಎಲೆಯ ಮುಂದೆ ಕೂರುವ ಜಾಯಮಾನ ನನ್ನದಲ್ಲ. ನಾನು ಇಬ್ಬರನ್ನೂ ಎತ್ತಿ ಆಡಿಸಿದವಳು, ನನ್ನನ್ನು ಕರೆಯಲಿ.

ಮಜವೆಂದರೆ, ಒಂದು ದಿನ ದೊಡ್ಡವನ ಹೆಂಡತಿ ನನ್ನನ್ನು ಸಂದಿಯಲ್ಲಿ ತಡೆದು, ಆ ಕಡೆ ಇವತ್ತು ಏನು ಅಡುಗೆ ಎಂದು ಮೆಲ್ಲಗೆ ಕೇಳಿದಳು. ಕೇಳಿದ ಧಾಟಿಗೆ ನನಗೆ ರೇಗಿತು. ಭರ್ಜರಿ ಊಟ, ಏಳುವುದಕ್ಕೇ ಆಗಲಿಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು. ಮರುದಿನ ಚಿಕ್ಕವನ ಹೆಂಡತಿಯೂ ಅದನ್ನೇ ಕೇಳಿದಳು. ನ್ಯಾಯ ಎಲ್ಲರಿಗೂ ಒಂದೇ ಎಂದು ಅವಳಿಗೂ ಅದನ್ನೇ ಹೇಳಿದೆ. ಆಮೇಲಿಂದ ದಿನಾ ಕೇಳುವುದು ಅವರಿಗೆ ಚಾಳಿಯಾಯಿತು, ದಿನಾ ಹೊಗಳುವುದು ನನಗೆ ಚಾಳಿಯಾಯಿತು. ಹೊಟ್ಟೆಯಲ್ಲಿ ಬನ್ನು, ಬಾಯಲ್ಲಿ ಮೃಷ್ಟಾನ್ನ. ಒಳಗೊಳಗೇ ಇಬ್ಬರೂ ಪೈಪೋಟಿಗೆ ಬಿದ್ದು ಅಡುಗೆ ಜೋರು ಮಾಡಿದರು. ವಾಸನೆ ಎರಡೂ ಕಿಟಕಿಯಿಂದ ಸಂದಿಗೆ ಬಂದು ಮೆಟ್ಟಿಲು ಹತ್ತಿ ನನ್ನ ಕೋಣೆ ತುಂಬುತ್ತಿತ್ತು. ಅದನ್ನು ಕುಡಿದು ಮಲಗುತ್ತಿದ್ದೆ.

ಅಂಗಡಿ ಮಾತ್ರ ಪಾಲಾಗಲಿಲ್ಲ, ಆಗುವ ಹಾಗೂ ಇರಲಿಲ್ಲ. ದೊಡ್ಡ ಗಾಜನ್ನು ಒಬ್ಬನೇ ಎತ್ತಲಾರ. ಒಂದು ತುದಿ ಒಬ್ಬ, ಇನ್ನೊಂದು ತುದಿ ಇನ್ನೊಬ್ಬ ಹಿಡಿದು, ಉಸಿರು ಸೇರಿಸಿ ಏಳಬೇಕು, ಒಬ್ಬ ಅರೆಗಳಿಗೆ ಮುಂದಾದರೂ ಗಾಜು ಎರಡಾಗುತ್ತದೆ. ಇಬ್ಬರೂ ಮುಖ ಬೇರೆ ಬೇರೆ ಕಡೆ ತಿರುಗಿಸಿಕೊಂಡು ಬಾಗುತ್ತಿದ್ದರು. ಎತ್ತು ಎನ್ನುವವರು ಯಾರು? ಅದಕ್ಕೆ ನಾನು ಚೌಕಟ್ಟಿಗೆ ಮೊಳೆ ಹೊಡೆಯುವುದನ್ನು ಬಿಟ್ಟು ಬಂದು ಎತ್ತು ಎನ್ನಬೇಕಿತ್ತು. ಎತ್ತುತ್ತಿದ್ದರು. ಇಳಿಸು ಎನ್ನುವುದಕ್ಕೂ ನಾನೇ.

ಹೀಗಿರುವಾಗ ಮೀನಿನ ಗಲಾಟೆ ಶುರುವಾಯಿತು. ತೊಟ್ಟಿ ಅಡೆತಡೆಯಿಲ್ಲದೆ ಇತ್ತಲ್ಲ, ಮೀಸೆ ಮೀನುಗಳು ಗೋಡೆಯ ಕೆಳಗೆ ನುಸುಳಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಬರುತ್ತಿದ್ದವು. ತಾನು ಹಾಕಿದ ಕಾಳು ತಿಂದು ಆ ಕಡೆಗೆ ಹೋಗುತ್ತವೆ ಎಂದು ದೊಡ್ಡವನ ಹೆಂಡತಿ ಗೊಣಗಿದಳು. ಆ ಕಡೆಯಿಂದ ಬಂದ ಮೀನು ತನಗೆ ಕಣ್ಣು ಹೊಡೆಯಿತು, ಇದು ಕಲಿಸಿ ಕಳಿಸಿದ ಕೆಲಸ ಎಂದು ಚಿಕ್ಕವನ ಹೆಂಡತಿ ಎಂದಳು. ದೊಡ್ಡವನ ಕಿವಿಗೆ ಇದು ಬಿದ್ದದ್ದೇ ತಡ, ಒಂದು ರಜೆಯ ಬೆಳಿಗ್ಗೆ ತೊಟ್ಟಿಗೆ ಅಡ್ಡಲಾಗಿ ಒಂದು ಗಾಜು ಕೊಯ್ದು ತಂದು, ನೀರು ಇಳಿಸಿ, ಅಂಟು ಹಾಕಿ ನಿಲ್ಲಿಸಿದ. ಗೋಡೆಯ ತನ್ನ ಮುಖಕ್ಕೆ ಸರಿಯಾಗಿ ನಿಲ್ಲಿಸಿದ. ಗೋಡೆ ಇಬ್ಬರದೂ ಆದ್ದರಿಂದ ಅದರ ಕೆಳಗಿನ ನೀರಿಗೆ ಕೈಹಾಕಬಾರದು ಎಂಬುದು ಅವನ ಲೆಕ್ಕ.

ಮಧ್ಯಾಹ್ನ ಚಿಕ್ಕವನು ಬಂದು ನೋಡಿದ. ಅಣ್ಣ ತನ್ನ ಗಡಿಗೆ ಗಾಜು ಹಾಕಿಕೊಂಡಿದ್ದಾನೆ, ಗೋಡೆಯ ಕೆಳಗಿನ ನೀರನ್ನೆಲ್ಲ ನನ್ನ ಕಡೆಗೆ ಬಿಟ್ಟಿದ್ದಾನೆ, ಅವನ ಭಿಕ್ಷೆ ನನಗೆ ಬೇಡ ಎಂದುಕೊಂಡು, ಗೋಡೆಯ ತನ್ನ ಮುಖಕ್ಕೆ ಇನ್ನೊಂದು ಗಾಜು ಹಾಕಿದ. ಇಬ್ಬರೂ ಕಸುಬು ಬಲ್ಲವರು, ಅಂಟು ಒಂದು ಹನಿ ನೀರು ದಾಟದ ಹಾಗೆ ಕೂತಿತು. ತೊಟ್ಟಿ ತುಂಬಿದ ಮೇಲೆ ನೋಡಿದರೆ ಮೂರು ಮೀನು ಆ ಕಡೆ, ಮೂರು ಮೀನು ಈ ಕಡೆ. ಏಳನೆಯದು ಗೋಡೆಯ ಕೆಳಗಿನ ಕತ್ತಲಲ್ಲಿ ಮಲಗಿದ್ದದ್ದು, ಎರಡು ಗಾಜಿನ ನಡುವೆ, ಒಂದು ಗೇಣಿನ ಸಾಮ್ರಾಜ್ಯದಲ್ಲಿ ಒಬ್ಬಂಟಿಯಾಗಿ ಉಳಿಯಿತು.

ಅದಕ್ಕೆ ಊಟ ಹಾಕುವವರು ಯಾರು? ನಾನು ದೊಡ್ಡವನನ್ನು ಕೇಳಿದೆ. ಅದು ಅವನ ಗಾಜಿನ ಪಕ್ಕದಲ್ಲಿದೆ, ಅವನದಿರಬೇಕು, ಬೇರೆಯವರ ಮೀನಿಗೆ ಊಟ ಹಾಕಿ ಹಂಗಿಸಿಕೊಳ್ಳುವುದು ಬೇಡ ಎಂದ. ಚಿಕ್ಕವನೂ ಅಕ್ಷರಕ್ಕೆ ಅಕ್ಷರ ಅದನ್ನೇ ಹೇಳಿದ. ಇಬ್ಬರ ಕಣ್ಣಲ್ಲೂ ಮೀನಿನ ಬಗ್ಗೆ ಮರುಕವಿತ್ತು, ಅದನ್ನು ನಾನು ಕಂಡೆ. ಮರುಕ ತಿಂದು ಯಾವ ಮೀನೂ ಬದುಕುವುದಿಲ್ಲ. ಆ ಹೊತ್ತು ನನಗೆ ಮೈಯೆಲ್ಲ ಉರಿಯಿತು. ನಾನು ಮೀನಿನ ಬಗ್ಗೆ ಮಾತ್ರ ಕೇಳುತ್ತಿರಲಿಲ್ಲ.

ಚೌಕಟ್ಟಿಗೆ ಬಳಸುವ ಉದ್ದನೆಯ ಮರದ ಪಟ್ಟಿಯಲ್ಲಿ ಗಾಜು ಕೂರಲು ಉದ್ದಕ್ಕೂ ಒಂದು ತೋಡು ಕೊರೆದಿರುತ್ತಾರೆ, ನಮ್ಮ ಕಸುಬಿನಲ್ಲಿ ಅದಕ್ಕೆ ಗಾಡಿ ಎನ್ನುತ್ತೇವೆ. ಅಂಥದೊಂದು ಪಟ್ಟಿಯನ್ನು ದೊಡ್ಡವನ ಕಡೆಯಿಂದ ಲಿಂಟಲಿನ ಕೆಳಗೆ ತೂರಿಸಿ, ಗಾಡಿಯಲ್ಲಿ ಕಾಳು ಉರುಳಿಸಿ ಬಿಟ್ಟೆ. ಮೀನು ಮೂತಿಯಿಂದ ತಡಕಿ ತಿಂದಿತು. ನನ್ನ ಬನ್ನಿನಲ್ಲಿ ಸ್ವಲ್ಪ ಮುರಿದು ಹಾಕೋಣವೆನ್ನಿಸಿತು, ಹಾಕಲಿಲ್ಲ, ಅದರ ಗತಿ ಅಷ್ಟು ಕೆಡುವುದು ಬೇಡ. ಆದರೆ ಊಟ ಸಿಕ್ಕರೆ ಸಾಕೆ? ಗಾಳಿ ಗುಳ್ಳೆ ಬಿಡುವ ಯಂತ್ರ ದೊಡ್ಡವನ ಕಡೆಗೆ, ನೀರು ಸೋಸುವ ಯಂತ್ರ ಚಿಕ್ಕವನ ಕಡೆಗೆ. ನಡುವಿನ ನೀರಿಗೆ ಎರಡೂ ಇಲ್ಲ. ಅದು ಬರಬರುತ್ತ ಗಂಜಿಯ ಹಾಗೆ ಬೆಳ್ಳಗಾಯಿತು. ಮೀನು ಕಾಣಿಸುವುದೇ ನಿಂತಿತು. ಪುಳಕ್, ಪುಳಕ್ ಎಂದು ಗಾಳಿ ನುಂಗಲು ಮೇಲೆ ಬರುವ ಸದ್ದು ಮಾತ್ರ ಕೇಳುತ್ತಿತ್ತು. ಮೊದಲು ಆಗೊಮ್ಮೆ ಈಗೊಮ್ಮೆ, ಆಮೇಲೆ ಬಿಡುವಿಲ್ಲದೆ. ಇನ್ನು ಹೆಚ್ಚು ಹೊತ್ತಿಲ್ಲ ಎಂದು ನನಗೆ ಅರ್ಥವಾಯಿತು.

ಗಾಜು ತೆಗೆಯಿರಿ ಎಂದು ಇಬ್ಬರ ಹತ್ತಿರವೂ ಹೋದೆ. ನನ್ನ ಗಾಜು ನನ್ನ ಗೆರೆಯ ಮೇಲಿದೆ, ಮೊದಲು ಅವನು ತೆಗೆಯಲಿ ಎಂದು ಇಬ್ಬರೂ ಹೇಳಿದರು. ನಾನು ಧ್ವನಿ ಏರಿಸಿದೆ. ಆ ಧ್ವನಿ ಅವರು ಹುಡುಗರಾಗಿದ್ದಾಗ ಕೇಳಿದ್ದು. ದೊಡ್ಡವನು ತಲೆ ತಗ್ಗಿಸಿ, ಬೇಕಾದರೆ ನನ್ನ ಗಾಜನ್ನೇ ಮೊದಲು ಬಿಡಿಸೋಣ, ಆದರೆ ಚಿಕ್ಕವನು ಅದಕ್ಕೆ ಕೈ ಹಾಕಬಾರದು ಎಂದ. ಚಿಕ್ಕವನು, ಅಕ್ಕನಿಗಾಗಿ ಕೈ ಜೋಡಿಸುತ್ತೇನೆ, ಆದರೆ ಅಣ್ಣನ ಜೊತೆ ಅಲ್ಲ ಎಂದ.

ಗಟ್ಟಿಯಾದ ಅಂಟನ್ನು ಬಿಡಿಸಲು ನಮ್ಮ ಕಸುಬಿನಲ್ಲಿ ಇರುವುದು ಒಂದೇ ದಾರಿ. ಗಾಜಿನ ಅಂಚಿನ ಹಿಂದೆ ಸಣ್ಣ ಉಕ್ಕಿನ ತಂತಿ ತೂರಿಸಿ, ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು, ಗರಗಸದ ಹಾಗೆ ಎಳೆದಾಡಬೇಕು. ನಾನು ತಂತಿಯನ್ನು ಲಿಂಟಲಿನ ಕೆಳಗೆ ತೂರಿಸಿ ದೊಡ್ಡವನ ಗಾಜಿಗೆ ಸುತ್ತಿ, ಒಂದು ತುದಿಗೆ ಮರದ ಹಿಡಿ ಕಟ್ಟಿ ಅವನ ಕೈಗೆ ಕೊಟ್ಟೆ. ಆ ಕಡೆ ನಾನು ಹಿಡಿಯುತ್ತೇನೆ, ನಾನು ಎಳೆದಾಗ ಬಿಡು, ನಾನು ಬಿಟ್ಟಾಗ ಎಳೆ ಎಂದೆ. ಸಂದಿ ಸುತ್ತಿ ಹಿಂದಿನ ಬೀದಿಗೆ ಹೋಗಿ, ಇನ್ನೊಂದು ತುದಿಯನ್ನು ಚಿಕ್ಕವನ ಕೈಗೆ ಕೊಟ್ಟೆ. ಆ ಕಡೆ ನಾನು ಹಿಡಿಯುತ್ತೇನೆ ಎಂದೆ. ಆಮೇಲೆ ಸಂದಿಗೆ ಬಂದು, ಎರಡು ಹಜಾರದ ಎರಡು ಕಿಟಕಿಗಳ ನಡುವೆ, ಯಾರಿಗೂ ಕಾಣದ ಹಾಗೆ ಗೋಡೆಗೆ ಒರಗಿ ನಿಂತೆ. ಹಸಿವಾಗಿತ್ತು. ಸೆರಗಿನಲ್ಲಿದ್ದ ಬನ್ನು ತೆಗೆದೆ.

ತಂತಿ ಸರಿದಾಡುವ ಸದ್ದು ಕೇಳಿಸಿತು. ಮೊದಲು ತೊದಲಿತು. ಆಮೇಲೆ ಅದಕ್ಕೆ ಒಂದು ಹದ ಬಂತು. ಒಬ್ಬ ಬಿಡುವುದಕ್ಕೂ ಇನ್ನೊಬ್ಬ ಎಳೆಯುವುದಕ್ಕೂ ನಡುವೆ ಕೂದಲಿನ ಅಂತರವಿರಲಿಲ್ಲ. ವರ್ಷಗಟ್ಟಲೆ ಒಂದೇ ಗಾಜಿನ ಎರಡು ತುದಿ ಹಿಡಿದು ನಡೆದ ಕೈಗಳು ಅವು. ನಾನು ಹಿಡಿದಿದ್ದರೆ ತಂತಿ ಯಾವಾಗಲೋ ತುಂಡಾಗಿರುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ನಡೆಯಿತು. ಆಮೇಲೆ ಸದ್ದು ನಿಂತಿತು.

"ಇದು ಅಕ್ಕನ ಕೈ ಅಲ್ಲ," ಎಂದ ದೊಡ್ಡವನು.

ಈಗ ತಂತಿ ಬಿಟ್ಟು ಎದ್ದು ಹೋಗುತ್ತಾರೆ, ಮೀನಿನ ಕತೆ ಮುಗಿಯಿತು ಎಂದುಕೊಂಡೆ. ಒಳಗೆ ಪುಳಕ್ ಎಂದಿತು.

"ನಂಗೆ ಆಗಲೇ ಗೊತ್ತಾಯ್ತು," ಎಂದ ಚಿಕ್ಕವನು. "ಅಕ್ಕ ಎಲ್ಲಿ?" ಎಂದ.

"ನಿಮ್ಮನೇಲಿ ಇರ್ಬೇಕು. ಊಟದ ಹೊತ್ತಲ್ವಾ."

"ನಮ್ಮನೇಲಿ ಯಾಕಿರ್ತಾಳೆ? ಅವಳು ಉಣ್ಣೋದು ನಿಮ್ಮನೇಲಿ."

"ನಮ್ಮನೇಲಾ? ದಿನಾ ನಿಮ್ಮನೆ ಊಟ ಹೊಗಳ್ತಾಳೆ ಕಣೋ. ನನ್ನ ಹೆಂಡ್ತಿ ಅದನ್ನ ಕೇಳಿ ಕೇಳಿ ಸಾಕಾಗಿ ಹೋಗಿದ್ದಾಳೆ."

"ನಮ್ಮನೇಲಿ ಒಂದು ದಿನಾನೂ ಉಂಡಿಲ್ಲ ಅಣ್ಣ. ನಿಮ್ಮನೆ ಊಟಾನೇ ಹೊಗಳ್ತಾಳೆ."

ನಾನು ಬನ್ನನ್ನು ಬೇಗ ನುಂಗಲು ಹೋಗಿ ಕೆಮ್ಮಿದೆ. ಒಂದೇ ಸಲಕ್ಕೆ ಎರಡು ಕಿಟಕಿಯಿಂದ ಎರಡು ತಲೆ ಹೊರಬಂದವು. ಇಬ್ಬರೂ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಅರ್ಧ ಬನ್ನನ್ನು ನೋಡಿದರು, ಆಮೇಲೆ ನನ್ನ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿದರು. ಗೋಡೆ ಎದ್ದ ಮೇಲೆ ಇಬ್ಬರ ಕಣ್ಣು ಸೇರಿದ್ದು ಅದೇ ಮೊದಲು. ಬಯ್ಯಬೇಕೆಂದು ಬಾಯಿ ತೆರೆದೆ. ಏನೇನೋ ಸಿದ್ಧ ಮಾಡಿಟ್ಟಿದ್ದೆ. ಒಂದೂ ಬರಲಿಲ್ಲ, ಅಳು ಬಂತು.

"ಒಳಗೆ ಬಾ ಅಕ್ಕ," ಎಂದರು ಇಬ್ಬರೂ, ಒಟ್ಟಿಗೇ.

ಯಾವ ಬಾಗಿಲಿಂದ ಹೋಗಲಿ? ಮುಂದಿನ ಬೀದಿಯ ಕಡೆ ಹೊರಟರೆ ಚಿಕ್ಕವನ ಮುಖ ಬಾಡುತ್ತದೆ, ಹಿಂದಿನ ಬೀದಿಯ ಕಡೆ ಹೊರಟರೆ ದೊಡ್ಡವನದು. ಇಷ್ಟು ಕಾಲ ಕಾದ ಮಾತು ಬಂದಾಗ ಎರಡೂ ಕಡೆಯಿಂದ ಬಂತು, ನನಗೆ ನಿಂತಲ್ಲಿಂದ ಕಾಲು ಕೀಳಲಾಗಲಿಲ್ಲ. "ಇಲ್ಲಿಗೇ ತಂದುಕೊಡ್ರೋ," ಎಂದೆ. "ನೀವಿಬ್ರು ಹೋಗಿ ಆ ತಂತಿ ಹಿಡೀರಿ. ಅದಿನ್ನೂ ಉಸಿರಾಡ್ತಾ ಇದೆ."

ತಲೆಗಳು ಒಳಗೆ ಹೋದವು. ತಂತಿ ಮತ್ತೆ ಸರಿದಾಡತೊಡಗಿತು. ದೊಡ್ಡವನ ಹೆಂಡತಿ ಅವಳ ಕಿಟಕಿಯ ಕಟ್ಟೆಯ ಮೇಲೆ ಒಂದು ತಟ್ಟೆ ಇಟ್ಟಳು, ಚಿಕ್ಕವನ ಹೆಂಡತಿ ಅವಳ ಕಿಟಕಿಯ ಕಟ್ಟೆಯ ಮೇಲೆ ಒಂದು ತಟ್ಟೆ ಇಟ್ಟಳು. ಇಬ್ಬರೂ ಕಣ್ಣೊರೆಸಿಕೊಳ್ಳುತ್ತ, ಯಾವ ತಟ್ಟೆಗೆ ನನ್ನ ಕೈ ಮೊದಲು ಹೋಗುತ್ತದೆ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದರು. ನಾನು ಎರಡೂ ಕೈ ಒಟ್ಟಿಗೇ ಚಾಚಿದೆ. ಎಡಗೈಯಲ್ಲಿ ಉಣ್ಣುವ ಪ್ರಾಯ ನನ್ನದಲ್ಲ, ಆದರೂ ಉಂಡೆ. ಅಷ್ಟರಲ್ಲಿ ಒಳಗೆ ಅಂಟು ಬಿಟ್ಟ ಗಾಜು ಟಕ್ಕೆಂದಿತು. ಮೀನು ಹೊರಬಂತು ಎಂದು ದೊಡ್ಡವನು ಕೂಗಿದ. ಎಲ್ಲಿಗೆ ಹೋಯಿತು ಎಂದು ಚಿಕ್ಕವನು ಕೇಳಿದ. ಮೂರರ ನಡುವೆ ಹೋಗಿ ಮರಳಿಗೆ ಮೂತಿ ಹಾಕಿದೆ, ಇನ್ನು ನಿನ್ನ ಗಾಜು ಎಂದ ದೊಡ್ಡವನು. ತಂತಿ ಈ ಕಡೆಗೆ ತಳ್ಳು ಎಂದ ಚಿಕ್ಕವನು.

ಇಬ್ಬರು ನಾದಿನಿಯರೂ ಹೇಗಿದೆ ಅತ್ತಿಗೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ನಿಜ ಹೇಳಬೇಕೆಂದರೆ, ಎರಡು ಮನೆಯ ಅಡುಗೆಯೂ ನಾನು ಹೊಗಳಿದ್ದರ ಕಾಲುಭಾಗ ಇರಲಿಲ್ಲ. ಒಂದಕ್ಕೆ ಉಪ್ಪು ಹೆಚ್ಚು, ಇನ್ನೊಂದು ಸರಿಯಾಗಿ ಬೆಂದಿರಲಿಲ್ಲ. ನಾನು ಎರಡೂ ಕಡೆ ಮತ್ತೊಮ್ಮೆ ಹಾಕಿಸಿಕೊಂಡೆ.